ಕಾಂಗೋ ಬಿಟ್ಟು ಚೀನಾ ಹಿಡಿದ ಮ್ಯಾಗ್ನೆಟ್

ಎಲೆಕ್ಟ್ರಿಕ್ ಸ್ಕೂಟರ್‌ನ ಮೋಟರ್ ಬಿಚ್ಚಿ ನೋಡಿದರೆ ಒಳಗೆ ಸಾಲಾಗಿ ಅಂಟಿಸಿದ ಬೂದು ಬಣ್ಣದ ಮ್ಯಾಗ್ನೆಟ್ ತುಂಡುಗಳು ಕಾಣುತ್ತವೆ. ಗಾತ್ರ ಸಣ್ಣದು, ಹಿಡಿತ ಭಾರಿ. ಎರಡರ ನಡುವೆ ಬೆರಳು ಸಿಕ್ಕರೆ ಚರ್ಮ ಕಿತ್ತು ಬರುತ್ತದೆ. ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಮ್ಯಾಗ್ನೆಟ್ ಇದು. ಜಗತ್ತಿನಲ್ಲಿ ತಯಾರಾಗುವ ಇಂಥ ಮ್ಯಾಗ್ನೆಟ್‌ಗಳಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂಬತ್ತು ಚೀನಾದವು. ತಮಾಷೆ ಏನೆಂದರೆ, ಇದು ಹುಟ್ಟಿದ್ದೇ ಇನ್ನೊಂದು ದೇಶದ ಹಂಗು ತಪ್ಪಿಸಿಕೊಳ್ಳಲು.

ಆ ದೇಶ ಜೈರೆ, ಅಂದರೆ ಇಂದಿನ ಕಾಂಗೋ. ಎಪ್ಪತ್ತರ ದಶಕದಲ್ಲಿ ಬಲವಾದ ಮ್ಯಾಗ್ನೆಟ್ ಬೇಕೆಂದರೆ ಸಮೇರಿಯಮ್ ಎಂಬ ಲೋಹದ ಜೊತೆ ಕೋಬಾಲ್ಟ್ ಬೇಕಿತ್ತು. ಜೆಟ್ ಎಂಜಿನ್ನಿಗೂ ಕೋಬಾಲ್ಟ್ ಬೇಕು. ಅದರ ದೊಡ್ಡ ಪಾಲು ಬರುತ್ತಿದ್ದದ್ದು ಜೈರೆಯ ಶಾಬಾ ಪ್ರಾಂತ್ಯದ ಗಣಿಗಳಿಂದ. 1978ರ ಮೇನಲ್ಲಿ ಅಂಗೋಲಾ ಕಡೆಯಿಂದ ನುಗ್ಗಿದ ಬಂಡುಕೋರರು ಕೋಲ್ವೇಜಿ ಪಟ್ಟಣವನ್ನು ಹಿಡಿದರು. ಫ್ರಾನ್ಸ್ ಪ್ಯಾರಾಚೂಟ್ ಸೈನಿಕರನ್ನು ಇಳಿಸಿತು. ಬದುಕುಳಿದ ವಿದೇಶಿ ಎಂಜಿನಿಯರ್‌ಗಳು ಊರು ಬಿಟ್ಟರು.

ವಿಚಿತ್ರ ನೋಡಿ, ಆ ವರ್ಷ ಜೈರೆಯ ಕೋಬಾಲ್ಟ್ ಉತ್ಪಾದನೆ ಕಡಿಮೆಯಾಗಲೇ ಇಲ್ಲ. ಆದರೂ ಪೌಂಡಿಗೆ 7 ಡಾಲರ್ ಕೂಡ ಇರದಿದ್ದ ಬೆಲೆ 1979ರ ಆರಂಭಕ್ಕೆ 25 ಡಾಲರ್ ಮುಟ್ಟಿತು. ನಾಳೆ ಸಿಗುತ್ತೋ ಇಲ್ಲವೋ ಎಂದು ಎಲ್ಲರೂ ಕೊಂಡು ಕೂಡಿಟ್ಟರು. ಸರಕನ್ನು ವಿಮಾನದಲ್ಲಿ ಸಾಗಿಸಿದ್ದೂ ಉಂಟು. ಮಾಲು ನಿಂತಿರಲಿಲ್ಲ, ನಂಬಿಕೆ ಹೋಗಿತ್ತು.

ಕೋಬಾಲ್ಟ್ ಸಹವಾಸವೇ ಬೇಡ ಎಂದು ಹೊರಟವರಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ಜಾನ್ ಕ್ರೋಟ್ ಮುಖ್ಯರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. 1983ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಜನರಲ್ ಮೋಟರ್ಸ್ ಇಂಡಿಯಾನಾದ ಆಂಡರ್ಸನ್‌ನಲ್ಲಿ ಮ್ಯಾಗ್ನೆಕ್ವೆಂಚ್ ಹೆಸರಿನಲ್ಲಿ ಕಾರ್ಖಾನೆಯನ್ನೂ ತೆರೆಯಿತು. ನಿಯೋಡಿಮಿಯಮ್ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯಲ್ಲೇ ಇತ್ತಲ್ಲ, ಚಿಂತೆ ಏನು?

ಅಷ್ಟರಲ್ಲಿ ಚೀನಾದ ಬಾವೊಟೌ ಹತ್ತಿರ ಕಬ್ಬಿಣದ ಗಣಿಯಿಂದ ಇದೇ ಅದಿರು ಅಗ್ಗಕ್ಕೆ ಬರತೊಡಗಿತ್ತು. ಅಗೆಯುವುದು ಸುಲಭದ ಕೆಲಸ. ನಿಯೋಡಿಮಿಯಮ್ ಸೇರಿದ ಗುಂಪಿಗೆ ರೇರ್ ಅರ್ತ್ (ವಿರಳ ಭೂಲೋಹ) ಎಂದು ಹೆಸರು, ಅದರಲ್ಲಿ ಹದಿನೇಳು ಧಾತುಗಳಿವೆ. ಅದಿರನ್ನು ಆಮ್ಲದಲ್ಲಿ ಕರಗಿಸಿ, ಒಟ್ಟಿಗೇ ಬೆರೆತಿರುವ ಇವನ್ನು ಒಂದೊಂದಾಗಿ ಬಿಡಿಸುವುದೇ ಕಷ್ಟ, ಗಲೀಜು ಕೂಡ ಜಾಸ್ತಿ. ಆ ಗಲೀಜನ್ನು ಚೀನಾ ಮೈಮೇಲೆ ಹಾಕಿಕೊಂಡಿತು, ಉಳಿದವರು ಸುಮ್ನೆ ಬಿಟ್ಟುಕೊಟ್ಟರು. 1995ರಲ್ಲಿ ಮ್ಯಾಗ್ನೆಕ್ವೆಂಚ್ ಚೀನೀ ಕಂಪನಿಗಳೂ ಇದ್ದ ಕೂಟಕ್ಕೆ ಮಾರಾಟವಾಯಿತು. ಆಂಡರ್ಸನ್ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. 2002ರಲ್ಲಿ ಮೌಂಟನ್ ಪಾಸ್ ಕೂಡ ನಿಂತಿತು.

ಮುಂದಿನದು ಬೇಗ ನಡೆಯಿತು. 2010ರಲ್ಲಿ, ಚೀನಾ ಮತ್ತು ಜಪಾನ್ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿ ಜಪಾನಿನ ಗಸ್ತು ಹಡಗುಗಳಿಗೆ ಡಿಕ್ಕಿ ಹೊಡೆಯಿತು. ಅದರ ಬೆನ್ನಲ್ಲೇ ಜಪಾನಿಗೆ ಈ ಲೋಹಗಳು ಬರುವುದು ನಿಂತಿತೆಂದು ವರದಿಯಾಯಿತು. ಪಾಠ ಕಲಿತ ಜಪಾನ್ ಇದೇ ಲೋಹಗಳನ್ನು ತೆಗೆಯುವ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ಹಣ ಹಾಕಿತು. ಬೇರೆಯವರು ಬೆಲೆ ಇಳಿದ ಕೂಡಲೇ ಮರೆತರು. 2025ರ ಏಪ್ರಿಲ್‌ನಲ್ಲಿ ಚೀನಾ ಈ ಗುಂಪಿನ ಏಳು ಧಾತುಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅವುಗಳಲ್ಲಿ ಡಿಸ್ಪ್ರೋಸಿಯಮ್ ಒಂದು. ಬಿಸಿಯಾದ ಮೋಟರಿನಲ್ಲೂ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳದಿರಲು ಇದನ್ನು ಚೂರು ಬೆರೆಸುತ್ತಾರೆ. ಶಿಕಾಗೋದ ಫೋರ್ಡ್ ಕಾರ್ಖಾನೆ ಮೇ ತಿಂಗಳಲ್ಲಿ ಒಂದು ವಾರ ನಿಂತಿತು. ಇಲ್ಲಿ ಬಜಾಜ್ ಚೇತಕ್ ಉತ್ಪಾದನೆ ಕುಸಿಯಿತು.

ನಮ್ಮಲ್ಲಿ ಅದಿರಿಗೆ ಬರವಿಲ್ಲ. ಕೇರಳ, ತಮಿಳುನಾಡು, ಒಡಿಶಾ ಕಡಲ ತೀರದ ಮರಳಿನಲ್ಲಿ ಈ ಲೋಹಗಳಿರುವ ಮೊನಜೈಟ್ ಖನಿಜ ಇದೆ. ಸರ್ಕಾರಿ ಕಂಪನಿ ಐಆರ್‌ಇಎಲ್ 1950ರಿಂದ ಇದರಲ್ಲೇ ಇದೆ. ಅದು ವಿಶಾಖಪಟ್ಟಣದಲ್ಲಿ ಕಟ್ಟಿದ ಮ್ಯಾಗ್ನೆಟ್ ಘಟಕದ ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ. ಅಲ್ಲಿ ಮಾಡುವುದು ಹಳೆಯ ಸಮೇರಿಯಮ್–ಕೋಬಾಲ್ಟ್ ಮ್ಯಾಗ್ನೆಟ್! ನಿಯೋಡಿಮಿಯಮ್ ಮ್ಯಾಗ್ನೆಟ್ ಕಾರ್ಖಾನೆಗಳಿಗೆಂದು ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ವರ್ಷಕ್ಕೆ 6,000 ಟನ್. ಆದರೆ ನಮ್ಮ ಮರಳಿನಲ್ಲಿ ನಿಯೋಡಿಮಿಯಮ್ ಇದ್ದಷ್ಟು ಡಿಸ್ಪ್ರೋಸಿಯಮ್ ಇಲ್ಲ. ಅದನ್ನು ಎಲ್ಲಿಂದ ತರುವುದು ಎಂಬುದು ಇನ್ನೂ ಬಗೆಹರಿದಿಲ್ಲ.