ಹೆಬ್ಬಾಳದಲ್ಲಿ ಏರುವ ಮುಳ್ಳು, ದೇವನಹಳ್ಳಿಯಲ್ಲಿ ಯಾಕೆ ಏರಲ್ಲ?

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ದಿನಾ ಬನಶಂಕರಿಯಿಂದ ಮಾನ್ಯತಾ ಟೆಕ್ ಪಾರ್ಕಿಗೆ ಓಡಾಟ. ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳದ ಜಾಮಿಗೆ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮುಕ್ಕಾಲಿನ ಹತ್ತಿರ ಹೋಗುತ್ತದೆ, ತಾನಾಗಿಯೇ ಇಳಿಯುತ್ತದೆ, ಮತ್ತೆ ಏರುತ್ತದೆ. ಭಾನುವಾರ ದೇವನಹಳ್ಳಿ ಕಡೆ ಹೋದರೆ ಅಲ್ಲಾಡುವುದೇ ಇಲ್ಲ. ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಂತಾಗ ಏರುತ್ತದೆ, ಓಡುವಾಗ ಸುಮ್ಮನಿರುತ್ತದೆ ಅಂದಿರಿ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನ ತಲೆಮೇಲೆ ಬೀಳುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ಫ್ಯಾನಿನ ಮೇಲೆ.

ಅದರಲ್ಲೂ ‘ತಾನಾಗಿಯೇ ಇಳಿಯುತ್ತದೆ’ ಅನ್ನುವ ಮಾತು ನನ್ನ ಕಿವಿ ನೆಟ್ಟಗಾಗಿಸಿತು. ಬಹಳಷ್ಟು ಕಾರುಗಳ ಫ್ಯಾನಿಗೆ ಎರಡು ವೇಗ. ಕೂಲಂಟ್ (ಎಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಹೊತ್ತು ತರುವ ದ್ರವ) ಸ್ವಲ್ಪ ಬಿಸಿಯಾದಾಗ ನಿಧಾನಕ್ಕೆ ತಿರುಗಬೇಕು, ಇನ್ನೂ ಏರಿದರೆ ಜೋರಾಗಿ. ನಿಧಾನದ ವೇಗ ಎಷ್ಟೋ ಮಾಡೆಲ್‌ಗಳಲ್ಲಿ ಕರೆಂಟ್ ತಗ್ಗಿಸುವ ಒಂದು ಸಣ್ಣ ರೆಸಿಸ್ಟರ್ ಮೂಲಕ ಬರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಸುಟ್ಟುಹೋದರೆ ಮೊದಲ ವೇಗ ಮಾಯ. ಮುಳ್ಳು ಏರುತ್ತಾ ಏರುತ್ತಾ ಎರಡನೇ ವೇಗದ ಗಡಿ ಮುಟ್ಟಿದಾಗ ಫ್ಯಾನ್ ಒಮ್ಮೆಲೇ ಭರ್ ಅಂತ ಶುರುವಾಗಿ, ಮುಳ್ಳನ್ನು ಕೆಳಗಿಳಿಸಿ, ನಿಲ್ಲುತ್ತದೆ. ಮತ್ತೆ ಅದೇ ಆಟ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಹಳೇ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೀಗೇ ಆಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಮೊದಲು ಥರ್ಮೋಸ್ಟ್ಯಾಟ್ (ಬಿಸಿ ನೋಡಿಕೊಂಡು ಕೂಲಂಟಿನ ದಾರಿ ತೆರೆದು ಮುಚ್ಚುವ ಕವಾಟ), ಆಮೇಲೆ ಕೂಲಂಟ್ ತಳ್ಳುವ ವಾಟರ್ ಪಂಪ್ ಬದಲಾಯಿತು. ಮುಳ್ಳು ಮಾತ್ರ ಕ್ಯಾರೇ ಅನ್ನಲಿಲ್ಲ. ಕೊನೆಗೆ ಜೆ.ಸಿ. ರಸ್ತೆಯಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿಸಿ, ಬೀಡಿ ಹಚ್ಚಿಕೊಂಡು ಸುಮ್ಮನೆ ನಿಂತರು. ಐದಾರು ನಿಮಿಷ ಕಿವಿಗೊಟ್ಟು ಕೇಳಿ, ‘ರಿಲೇ ಟಿಕ್ ಅಂತು, ಫ್ಯಾನ್ ಏಳಲಿಲ್ಲ’ ಅಂದರು. ರಿಲೇ ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್. ಅಷ್ಟೇ ರೋಗಪರೀಕ್ಷೆ. ಬದಲಾಗಿದ್ದು ಹೆಬ್ಬೆರಳಿನಷ್ಟು ದಪ್ಪದ, ಕಪ್ಪಾಗಿ ಬಿರುಕುಬಿಟ್ಟಿದ್ದ ರೆಸಿಸ್ಟರ್.

ನೀವೂ ಮನೆ ಮುಂದೆಯೇ ನೋಡಬಹುದು. ಎಂಜಿನ್ ಶುರು ಮಾಡಿ ಎ.ಸಿ. ಹಾಕಿ, ಗ್ರಿಲ್ ಹತ್ತಿರ ಕಿವಿಯಿಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ರೆಸಿಸ್ಟರ್, ಮೋಟರ್, ಈ ಕ್ರಮದಲ್ಲಿ ನೋಡಿಸಿ. ಕೈ ಮಾತ್ರ ಬ್ಲೇಡಿನಿಂದ ದೂರವಿರಲಿ, ಎಂಜಿನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ದಿಢೀರನೆ ಏಳುತ್ತದೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಂದು ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನಿಜವಾದ ಡಿಗ್ರಿ ನೋಡಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ಹಲವು ಕಾರುಗಳ ಮುಳ್ಳು ಮಹಾ ಸೋಮಾರಿ. ಕೂಲಂಟ್ 80 ಡಿಗ್ರಿಯಲ್ಲಿರಲಿ, 100ರಲ್ಲಿರಲಿ, ನಡುವಲ್ಲೇ ಕೂತಿರುವಂತೆ ಅದನ್ನು ಪಳಗಿಸಿರುತ್ತಾರೆ. ಅಂಥ ಮುಳ್ಳು ಮುಕ್ಕಾಲಿಗೆ ಹೋಯಿತು ಅಂದರೆ ಅಸಡ್ಡೆ ಮಾಡಬೇಡಿ.

ಬೇರೆಯವರ ಮುಳ್ಳು ಬೇರೆ ಥರ ಆಡಬಹುದು. ಹೈವೇಯಲ್ಲಿ, ಏರಿನಲ್ಲಿ ಬಿಸಿಯಾದರೆ ಕೂಲಂಟ್ ಸರಿಯಾಗಿ ಹರಿಯುತ್ತಿಲ್ಲ: ಕಟ್ಟಿಕೊಂಡ ರೇಡಿಯೇಟರ್, ಸೋತ ಪಂಪ್, ಅರೆಬರೆ ತೆರೆಯುವ ಥರ್ಮೋಸ್ಟ್ಯಾಟ್. ಓಡುವಾಗ ಮುಳ್ಳು ತೀರಾ ಕೆಳಗಿಳಿದರೆ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದೆ. ಕ್ಷಣದಲ್ಲಿ ಮೇಲೆ ಜಿಗಿದು ಕ್ಷಣದಲ್ಲಿ ಬಿದ್ದರೆ ಅದು ಬಿಸಿಯ ಕಥೆಯೇ ಅಲ್ಲ, ಕೂಲಂಟ್ ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ. ಸೆನ್ಸರ್, ಅದರ ಕನೆಕ್ಟರ್, ಅರ್ಥ್ ವೈರ್ ನೋಡಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರು ವೈರ್ ಕಡಿಯುವ ಇಲಿಯನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿಕೊಳ್ಳಿ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು, ಹೀಟರ್ ಹಾಕಿದರೆ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಗಾಳಿ ಅಂದರೆ ಕೂಲಂಟ್ ಕಮ್ಮಿಯಾಗಿ ಗಾಳಿ ಸೇರಿಕೊಂಡಿದೆ. ಎಲ್ಲೂ ಸೋರದೆ ಕೂಲಂಟ್ ಖಾಲಿಯಾಗುತ್ತಾ, ಎಂಜಿನ್ ಕಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್) ಹೋಗಿರಬಹುದು. ಆಗ ಓಡಿಸಬೇಡಿ, ಟೋ ಮಾಡಿಸಿ.

ಈ ಊರಿನವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನಿನ ಒಳಗೆ ಅದಕ್ಕಿಂತ ಎಷ್ಟೋ ಬಿಸಿಯಲ್ಲೂ ಕೂಲಂಟ್ ಕುದಿಯದೆ ಇರುವುದು ಅದರಲ್ಲಿ ಬೆರೆತ ಗ್ಲೈಕಾಲ್ ಅನ್ನುವ ರಾಸಾಯನಿಕ ಮತ್ತು ರೇಡಿಯೇಟರಿನ ಕ್ಯಾಪ್ ಹಿಡಿದಿಡುವ ಒತ್ತಡದಿಂದ. ಕ್ಯಾಪಿನ ರಬ್ಬರ್ ಹಳತಾದರೆ ಆ ಒತ್ತಡ ನಿಲ್ಲದು, ಕಮ್ಮಿ ಬಿಸಿಗೇ ಕುದಿ ಬರುತ್ತದೆ. ಇನ್ನು ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ ಬೇಡವೇ ಬೇಡ. ನಿಮ್ಮ ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಹಕ್ಕಳೆಯೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕೂರುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟ್, ಬೆರೆಸಬೇಕಿದ್ದರೆ ಡಿಸ್ಟಿಲ್ಡ್ ವಾಟರ್, ಅಷ್ಟೇ.

ರಿಪೇರಿ ಆಗುವವರೆಗೆ ಜಾಮಿನಲ್ಲಿ ಮುಳ್ಳು ಏರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ತಿರುಗಿಸಿ ಕಿಟಕಿ ಇಳಿಸಿ. ಬೆವರು ಸುರಿಯುತ್ತದೆ, ಆದರೆ ಹೀಟರೂ ಒಂದು ಪುಟ್ಟ ರೇಡಿಯೇಟರೇ. ಕೆಂಪು ಗೆರೆ ಮುಟ್ಟಿತೋ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಕ್ಯಾಪ್ ಮುಟ್ಟಬೇಡಿ, ಮೇಲಿನ ಹೋಸ್ ತಣ್ಣಗಾಗಿ ಒತ್ತಿದರೆ ಮೆತ್ತಗಾಗುವವರೆಗೆ ಕಾಯಿರಿ. ಪಾಪ ಅಂತ ಯಾರಾದರೂ ತಣ್ಣೀರಿನ ಬಾಟಲಿ ತಂದು ಕೊಟ್ಟರೆ ನೀವೇ ಕುಡಿಯಿರಿ. ಕಾದ ಎಂಜಿನ್ನಿಗೆ ಸುರಿದರೆ ಹೆಡ್ ಬಿರುಕು ಬಿಡಬಹುದು.

ಫ್ಯಾನ್ ಎರಡೂ ವೇಗದಲ್ಲಿ ಸರಿಯಾಗಿ ತಿರುಗಿಯೂ ಹೆಬ್ಬಾಳದಲ್ಲಿ ಮುಳ್ಳು ಏರಿದರೆ, ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೂತಿರುವ ಧೂಳು, ಒಣಎಲೆ ತೆಗೆಸಿ. ಅದಾದ ಮೇಲೂ ಏರಿದರೆ ರೇಡಿಯೇಟರಿನ ಮಾತು ಆಡೋಣ.