ದಿವಾ: ರೋಮನ್ ನಾಣ್ಯಗಳ ಮೇಲಿನ ಒಂದು ಬಿರುದು

ರೋಮನ್ ನಾಣ್ಯಗಳಲ್ಲಿ ಕೆಲವು ರಾಣಿಯರ ಹೆಸರಿಗೆ ಮೊದಲು ಕಾಣುವ 'ದಿವಾ' ಎಂಬುದು, ಮರಣಾನಂತರ ಸೆನೆಟ್ ಸಭೆಯ ನಿರ್ಣಯದಿಂದ ದೈವತ್ವ ಪಡೆದ ರಾಜಮನೆತನದ ಹೆಣ್ಣಿಗೆ ಸಲ್ಲುತ್ತಿದ್ದ ಬಿರುದು. ದೇವರಾಣಿ ಜೂನೋ, ಧಾನ್ಯದೇವತೆ ಸೀರಿಸ್ ಮೊದಲಾದ ಅನಾದಿ ದೇವತೆಗಳು 'ದೆಯಾ' ಎನಿಸಿಕೊಂಡರೆ, ಮನುಷ್ಯಳಾಗಿ ಬಾಳಿ ಸತ್ತವಳು ದಿವಾ. ಬದುಕಿರುವಾಗಲೇ ದೊರೆಯುತ್ತಿದ್ದ 'ಅಗಸ್ಟಾ' ಪದವಿ ಇದಕ್ಕಿಂತ ಬೇರೆ.

ಈ ಗೌರವ ಮೊದಲು ಸಂದದ್ದು ಕ್ರಿ.ಶ. 38ರಲ್ಲಿ, ಚಕ್ರವರ್ತಿ ಕಲಿಗುಲನ ತಂಗಿ ಡ್ರುಸಿಲ್ಲಾಳಿಗೆ. 42ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ತನ್ನ ಅಜ್ಜಿ, ಮೊದಲ ಚಕ್ರವರ್ತಿ ಅಗಸ್ಟಸ್‌ನ ಪತ್ನಿ ಲಿವಿಯಾಳನ್ನು ಈ ಸ್ಥಾನಕ್ಕೇರಿಸಿ, ಒಂದು ಬದಿಯಲ್ಲಿ ಅಗಸ್ಟಸ್, ಇನ್ನೊಂದು ಬದಿಯಲ್ಲಿ ಧಾನ್ಯದ ತೆನೆ ಮತ್ತು ಪಂಜು ಹಿಡಿದು ಸೀರಿಸ್‌ಳಂತೆ ಕುಳಿತ 'ದಿವಾ ಅಗಸ್ಟಾ' ಇರುವ ನಾಣ್ಯ ಹೊರಡಿಸಿದ. ಇದು ಬರಿಯ ಭಕ್ತಿಯಲ್ಲ. ಅಗಸ್ಟಸ್‌ನ ನೇರ ವಂಶದವನಲ್ಲದ ಕ್ಲಾಡಿಯಸ್‌ಗೆ ಸಿಂಹಾಸನದ ಹಕ್ಕನ್ನು ಗಟ್ಟಿಗೊಳಿಸಲು ಅಜ್ಜಿಯ ದೈವತ್ವ ಬೇಕಾಗಿತ್ತು.

ಈ ಬಗೆಯ ನಾಣ್ಯಗಳಲ್ಲಿ ಅತ್ಯಂತ ಸಮೃದ್ಧವಾದವು ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಪತ್ನಿ, ಹಿರಿಯ ಫೌಸ್ಟೀನಾಳವು. ಅವಳು 140ರ ಸುಮಾರಿಗೆ ತೀರಿಕೊಂಡ ಬಳಿಕ, 161ರಲ್ಲಿ ಆಂಟೋನಿನಸ್ ಸಾಯುವವರೆಗಿನ ಎರಡು ದಶಕಗಳ ಅವಧಿಯಲ್ಲಿ ಅವಳ ಹೆಸರಿನಲ್ಲಿ ಚಿನ್ನ, ಬೆಳ್ಳಿ ಮತ್ತು ತಾಮ್ರಮಿಶ್ರ ಲೋಹದ ನಾಣ್ಯಗಳು ಹೊರಬಂದವು. ಮುಂಬದಿಯಲ್ಲಿ ತುರುಬು ಕಟ್ಟಿದ ಅವಳ ಮುಖ; ಹಿಂಬದಿಯಲ್ಲಿ ಸೀರಿಸ್, ಒಲೆಯ ದೇವತೆ ವೆಸ್ಟಾ, ಜೂನೋ ಅಥವಾ ನಿತ್ಯತೆಯ ಮೂರ್ತರೂಪವಾದ ಏಟರ್ನಿಟಾಸ್. ಕೆಲವು ನಾಣ್ಯಗಳಲ್ಲಿ ಪಂಜು ಹಿಡಿದ ಆಕೃತಿಯ ಪಕ್ಕದಲ್ಲಿ 'ಅಗಸ್ಟಾ' ಎಂದಷ್ಟೇ ಇರುವುದರಿಂದ ಅದು ಸೀರಿಸ್ಸೋ ಫೌಸ್ಟೀನಾಳೋ ಎಂಬುದು ತೀರ್ಮಾನವಾಗುವುದಿಲ್ಲ. ಈ ಅಸ್ಪಷ್ಟತೆ ಉದ್ದೇಶಪೂರ್ವಕವೆಂದೇ ನನಗನ್ನಿಸುತ್ತದೆ. 'ಕಾನ್ಸೆಕ್ರಾಟಿಯೊ', ಅಂದರೆ ದೈವೀಕರಣ, ಎಂಬ ಬರಹದೊಡನೆ ನವಿಲನ್ನು ತೋರಿಸುವ ನಾಣ್ಯಗಳೂ ಇವೆ. ನಮಗೆ ಸುಬ್ರಹ್ಮಣ್ಯನನ್ನು ನೆನಪಿಸುವ ಈ ಹಕ್ಕಿ ಅಲ್ಲಿ ಜೂನೋಳದು; ಚಕ್ರವರ್ತಿಯನ್ನು ದೇವರಾಜ ಜೂಪಿಟರ್‌ನ ಹದ್ದು ಸ್ವರ್ಗಕ್ಕೆ ಒಯ್ದರೆ, ರಾಣಿಯನ್ನು ಸಾಮಾನ್ಯವಾಗಿ ನವಿಲು ಒಯ್ಯುತ್ತಿತ್ತು. ಫೌಸ್ಟೀನಾಳ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಪೋಷಣೆಗೆ ಸ್ಥಾಪಿಸಿದ ದತ್ತಿಯನ್ನೂ, ರೋಮಿನ ಪ್ರಾಚೀನ ಸಾರ್ವಜನಿಕ ಚೌಕವಾದ ಫೋರಂನಲ್ಲಿ ಇಂದಿಗೂ ಕಂಬಗಳೊಡನೆ ನಿಂತಿರುವ ಅವಳ ದೇವಾಲಯವನ್ನೂ ಈ ನಾಣ್ಯಗಳು ಸ್ಮರಿಸುತ್ತವೆ.

ಕುಳಿತ ಸ್ತ್ರೀಯ ಚಿತ್ರವಿದ್ದ ಮಾತ್ರಕ್ಕೆ ನಾಣ್ಯ ದಿವಾಳದಾಗುವುದಿಲ್ಲ. ದಕ್ಷಿಣ ಭಾರತದಲ್ಲಿ ಹೇರಳವಾಗಿ ದೊರೆತಿರುವ ಅಗಸ್ಟಸ್‌ನ ನಂತರದ ಚಕ್ರವರ್ತಿ ಟಿಬೇರಿಯಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳ ಹಿಂಬದಿಯಲ್ಲಿ ರಾಜದಂಡ ಹಿಡಿದು ಕುಳಿತವಳನ್ನು ಅನೇಕರು ಲಿವಿಯಾ ಎನ್ನುತ್ತಾರೆ. ಆದರೆ ಅಲ್ಲಿ ಅವಳ ಹೆಸರಿಲ್ಲ. ತನ್ನ ತಾಯಿಯಾದ ಲಿವಿಯಾಳಿಗೆ ದೈವತ್ವ ನೀಡಲು ಟಿಬೇರಿಯಸ್ ಒಪ್ಪಿರಲೂ ಇಲ್ಲ.