ಜಪಾನಿ ಬರದಿದ್ದರೂ ಬಂಪ್ ಆಫ್ ಚಿಕನ್ ಹಾಡು ನನ್ನ ಕಥೆ ಅನ್ನಿಸೋದ್ಯಾಕೆ?

ಪ್ರಶ್ನೆ: ಸ್ಪೈ ಎಕ್ಸ್ ಫ್ಯಾಮಿಲಿ ಅನ್ನೋ ಜಪಾನಿ ಕಾರ್ಟೂನ್ ಸರಣಿ ನೋಡುವಾಗ ಬಂಪ್ ಆಫ್ ಚಿಕನ್ ಅನ್ನೋ ಬ್ಯಾಂಡಿನ ಹಾಡು ಇಷ್ಟ ಆಯ್ತು. ಆಮೇಲೆ ಅವರ ಹಳೇ ಹಾಡುಗಳನ್ನೂ ಹುಡುಕಿ ಕೇಳಿದೆ. ಜಪಾನಿ ಒಂದಕ್ಷರ ಬರಲ್ಲ. ಆದರೆ ಅರ್ಥ ಓದಿದರೆ ಎಲ್ಲಾ ನನಗೇ ಆಗಿದ್ದು ಅನ್ಸುತ್ತೆ. ಅಂಥದ್ದೇನಿದೆ ಇವರ ಹಾಡಲ್ಲಿ?

ಉತ್ತರ: ಪ್ಲಾಟ್‌ಫಾರ್ಮ್ ಟಿಕೆಟ್ ಇದೆ. ತಮಾಷೆ ಅಲ್ಲ, ನಿಜವಾಗಿಯೂ ಅಲ್ಲಿಂದಲೇ ಶುರು ಮಾಡಬೇಕು.

2004ರಲ್ಲಿ ಬಂದ 'ಶಾರಿನ್ ನೊ ಉತಾ' ಕೇಳಿದ್ದೀರಾ? ಚಕ್ರದ ಹಾಡು ಅಂತ ಅರ್ಥ. ಬೆಳಗಿನ ಜಾವ ಒಬ್ಬ ಹುಡುಗ ಗೆಳತಿಯನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಹೊರಟಿದ್ದಾನೆ. ಹಳಿ ಪಕ್ಕದ ಏರು ರಸ್ತೆ, ತುಕ್ಕು ಹಿಡಿದ ಚಕ್ರ ಕಿರ್ ಕಿರ್ ಅನ್ನುತ್ತಿದೆ, ಇನ್ನು ಸ್ವಲ್ಪ, ಇನ್ನೊಂಚೂರು ಅಂತ ಹಿಂದಿನಿಂದ ಅವಳು ಹುರುಪು ತುಂಬುತ್ತಿದ್ದಾಳೆ. ಅವಳು ಊರು ಬಿಟ್ಟು ಹೋಗುವವಳು. ಟಿಕೆಟ್ ಮೆಷಿನ್ನಿನಲ್ಲಿ ಅವಳು ತಗೊಳ್ಳುವುದು ತುದಿಯಲ್ಲಿರುವ, ಎಲ್ಲಕ್ಕಿಂತ ದುಬಾರಿ ಟಿಕೆಟ್. ಅದು ಯಾವ ಊರೋ ಇವನಿಗೆ ಸರಿಯಾಗಿ ಗೊತ್ತೂ ಇಲ್ಲ. ಇವನು ತಗೊಳ್ಳುವುದು ಎಲ್ಲಕ್ಕಿಂತ ಅಗ್ಗದ್ದು, ಪ್ಲಾಟ್‌ಫಾರ್ಮ್ ಟಿಕೆಟ್. ಇನ್ನೊಂದು ನಿಮಿಷಕ್ಕೆ ಗೇಟಿನಲ್ಲಿ ತೆಗೆಯಲೇಬೇಕು, ಆದರೂ ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾನೆ.

ಅಷ್ಟೇ. ಇಡೀ ಹಾಡಿನಲ್ಲಿ ನಿನ್ನನ್ನು ಪ್ರೀತಿಸುತ್ತೇನೆ ಅನ್ನೋ ಮಾತೇ ಇಲ್ಲ. ಮೊನ್ನೆ ಕೊಂಡ ದೊಡ್ಡ ಬ್ಯಾಗಿನ ಪಟ್ಟಿ ಗೇಟಿಗೆ ಸಿಕ್ಕಿಕೊಳ್ಳುತ್ತದೆ, ಅವಳು ತಿರುಗಿ ನೋಡುತ್ತಾಳೆ, ಅವನು ಕಣ್ಣು ಕೂಡಿಸದೆ ಪಟ್ಟಿ ಬಿಡಿಸಿ ಕೊಡುತ್ತಾನೆ. ಹೋಗಬೇಡ ಅನ್ನಬೇಕಾದ ಕೈಯೇ ಹೋಗು ಅಂತ ದಾರಿ ಮಾಡಿಕೊಟ್ಟಿತು, ಅಲ್ವಾ? ರೈಲು ಹತ್ತುವ ಆ ಒಂದು ಹೆಜ್ಜೆ ಹತ್ತಾರು ಸಾವಿರ ಹೆಜ್ಜೆಗಿಂತ ದೂರ ಅನ್ನುತ್ತಾನೆ. ಮತ್ತೆ ಸಿಗೋಣ ಅಂತ ಅವಳು ಅಂದರೆ ಇವನಿಗೆ ಉತ್ತರ ಬಾಯಿಗೆ ಬರುವುದಿಲ್ಲ, ತಲೆ ತಗ್ಗಿಸಿ ಕೈ ಬೀಸುತ್ತಾನೆ. ಆಮೇಲೆ ರೈಲಿನ ಜೊತೆ ಸೈಕಲ್ ಓಡಿಸುತ್ತಾನೆ, ಸೋಲುತ್ತಾನೆ ಅಂತ ಬೇರೆ ಹೇಳಬೇಕಿಲ್ಲ. ಹಾಡಿನ ಶುರುವಿನಲ್ಲಿ ಲೋಕದಲ್ಲಿ ನಾವಿಬ್ಬರೇ ಇದ್ದ ಹಾಗಿದೆ ಅನ್ನೋ ಮಾತು ಇರುತ್ತದೆ. ಕೊನೆಗೆ ಅದೇ ಸಾಲು ಬರುತ್ತದೆ, ಇಬ್ಬರ ಜಾಗದಲ್ಲಿ ಒಬ್ಬನೇ.

ನಿಮಗಾಗಲಿ ನನಗಾಗಲಿ ಜಪಾನಿನ ಸ್ಟೇಷನ್ ಗೊತ್ತಿರಬೇಕಿಲ್ಲ. ಯಾರನ್ನೋ ಬಿಟ್ಟು ಬರಲು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡವರಿಗೆಲ್ಲ ಈ ಹಾಡು ಗೊತ್ತು.

ಇದನ್ನು ಬರೆದವರು ಫುಜಿವಾರ ಮೊತೋ, ಬ್ಯಾಂಡಿನ ಹಾಡುಗಾರ. ಇವರ ಹೆಚ್ಚುಕಮ್ಮಿ ಎಲ್ಲಾ ಹಾಡು ಅವರದ್ದೇ. ನಾಲ್ಕು ಜನರ ಬ್ಯಾಂಡ್, ನಾಲ್ವರೂ 1979ರಲ್ಲಿ ಹುಟ್ಟಿದವರು, ಚಿಬಾ ಪ್ರಾಂತ್ಯದ ಸಕುರಾ ಅನ್ನೋ ಊರಿನವರು, ಶಿಶುವಿಹಾರದಿಂದಲೇ ಪರಿಚಯ. ಬ್ಯಾಂಡಿನ ಹೆಸರು ಕೇಳಿದರೆ ಹೋಟೆಲ್ ಮೆನುವಿನಲ್ಲಿ ಇರಬೇಕಾದದ್ದು ಅನ್ನಿಸುತ್ತದೆ. ಅವರು ಅದಕ್ಕೆ ಕೊಡುವ ಅರ್ಥ ದುರ್ಬಲರ ತಿರುಗೇಟು ಅಂತ. ಇಂಗ್ಲಿಷಿನಲ್ಲಿ ಆ ಅರ್ಥ ಬರೋದಿಲ್ಲ ಬಿಡಿ. ಆದರೆ ಚಿಕನ್ ಅಂದರೆ ಅಲ್ಲಿ ಹೆದರುಪುಕ್ಕಲ ಅಂತಲೂ ಹೌದಲ್ಲ, ನಮ್ಮ ಪುಕ್ಕಲನಲ್ಲೂ ಕೋಳಿ ಪುಕ್ಕ ಇದ್ದ ಹಾಗೇ ಇದೆ. ಪುಕ್ಕಲರ ತಿರುಗೇಟು! ನನಗಂತೂ ಜಪಾನಿಗಿಂತ ಕನ್ನಡದಲ್ಲೇ ಈ ಹೆಸರು ಚೆನ್ನಾಗಿ ಕೂರುತ್ತದೆ.

ಈ ಹೆಸರನ್ನು ನೆನಪಲ್ಲಿಟ್ಟುಕೊಂಡು ಹಾಡು ಕೇಳಿ. ಅವರ ಹಾಡಿನ ನಾಯಕ ಗೆಲ್ಲುವವನಲ್ಲ. ಹೇಳಬೇಕಾದ ಹೊತ್ತಿಗೆ ಹೇಳದೇ ಇದ್ದವನು, ಕೈ ಹಿಡಿಯಬೇಕಾದಾಗ ಹಿಡಿಯದೇ ಇದ್ದವನು. ಗೆದ್ದವರ ಹಾಡು ಕೇಳಿ ಖುಷಿ ಪಡಬಹುದು, ಆದರೆ ಅದು ನನ್ನದು ಅನ್ನಿಸುವುದು ಕಷ್ಟ. ಸುಮ್ನೆ ನಿಂತುಬಿಟ್ಟ ಒಂದು ಕ್ಷಣ ಮಾತ್ರ ಎಲ್ಲರ ಹತ್ತಿರವೂ ಇರುತ್ತದೆ.

ಕೆಲಸದಿಂದ ಬಂದು ಸುಸ್ತಾಗಿ ಬಿದ್ದಿರುವವರಿಗೆ 'ಗಿಲ್ಡ್' ಇದೆ, ಅದೂ 2004ರದ್ದೇ. ಮನುಷ್ಯನಾಗಿರೋದು ಅನ್ನೋ ಕೆಲಸ ಕೊಟ್ಟು ಎಷ್ಟು ಕಾಲ ಆಯ್ತು, ಮಾಡಿದ್ದಕ್ಕೆ ತಕ್ಕ ಸಂಬಳ ಬಂದ ಹಾಗೇ ಇಲ್ಲವಲ್ಲ ಅಂತ ಶುರುವಾಗುತ್ತದೆ. ಬೆಳಿಗ್ಗೆ ಹೊತ್ತು ಕೇಳಬೇಡಿ.

'ಕೆ' ಬೇರೆ ಥರದ್ದು. 2000ದ ಆಲ್ಬಮ್ಮಿನ ಹಾಡು, ಪೂರ್ತಿ ಒಂದು ಕಥೆ. ಕರಿಬೆಕ್ಕು ಕಂಡರೆ ಕಲ್ಲೆಸೆಯುವ ಊರಿನಲ್ಲಿ ಒಬ್ಬ ಬಡ ಚಿತ್ರಗಾರ ಅಂಥದ್ದೊಂದು ಬೆಕ್ಕನ್ನು ಎತ್ತಿಕೊಂಡು ಹೋಗಿ ಹೋಲಿ ನೈಟ್, ಪವಿತ್ರ ರಾತ್ರಿ ಅಂತ ಹೆಸರಿಡುತ್ತಾನೆ. ಬರೀ ಆ ಬೆಕ್ಕಿನ ಚಿತ್ರವನ್ನೇ ಬರೆಯುತ್ತಾನೆ. ಅಪಶಕುನದ ಬೆಕ್ಕಿನ ಚಿತ್ರ ಯಾರು ಕೊಳ್ಳುತ್ತಾರೆ? ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ನಿಂತು ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡತನದಲ್ಲೇ ಸಾಯುವ ಅವನು ಊರಿನಲ್ಲಿ ಕಾಯುತ್ತಿರುವ ಪ್ರೇಯಸಿಗೆ ಕೊಡು ಅಂತ ಕೊನೆಯ ಕಾಗದವನ್ನು ಬೆಕ್ಕಿನ ಬಾಯಿಗೆ ಕೊಡುತ್ತಾನೆ. ಬೆಕ್ಕು ಏಟು ತಿನ್ನುತ್ತಾ, ಬೀಳುತ್ತಾ, ಓಡಿ ತಲುಪಿಸಿ ಸಾಯುತ್ತದೆ. ಅವಳು ಅದರ ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಸೇರಿಸಿ ಹಿತ್ತಲಲ್ಲಿ ಹೂಳುತ್ತಾಳೆ. ರಾತ್ರಿ ಅನ್ನೋ ನೈಟ್ ಮುಂದೆ ಕೆ ಬಂದರೆ ವೀರ ಅನ್ನೋ ನೈಟ್ ಆಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಜಪಾನಿನ ಕಟಕಾನ ಲಿಪಿಯಲ್ಲೂ ಒಂದೇ. ಅದಕ್ಕೇ ಹಾಡಿನ ಹೆಸರು ಬರೀ 'ಕೆ'. ಮೊದಲ ಸಲ ಇದು ತಲೆಗೆ ಹೊಳೆದಾಗ ನಾನು ಹಾಡು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಇರುವುದು 'ತೆನ್ತಾಯ್ ಕನ್ಸೋಕು'ವಿನಲ್ಲಿ. 2001ರ ಹಾಡು, ಮರುವರ್ಷ ಇದೇ ಹೆಸರಿನ ಟಿವಿ ಧಾರಾವಾಹಿಯೇ ಬಂತು. ಹೆಸರಿನ ಅರ್ಥ ಖಗೋಳ ವೀಕ್ಷಣೆ, ಅಂದರೆ ಶಾಲೆಯ ಪಠ್ಯಪುಸ್ತಕದ ಪದ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ದೂರದರ್ಶಕ ಹೊತ್ತುಕೊಂಡು ರೈಲ್ವೆ ಗೇಟಿನ ಹತ್ತಿರ ಬಂದಿದ್ದಾನೆ. ಬೆಲ್ಟಿಗೆ ಕಟ್ಟಿದ ರೇಡಿಯೋ ಮಳೆ ಬರಲ್ಲ ಅನ್ನುತ್ತಿದೆ. ಎರಡು ನಿಮಿಷ ಬಿಟ್ಟು 'ಕಿಮಿ', ಅಂದರೆ 'ನೀನು', ಬೇಕಿಲ್ಲದಷ್ಟು ಲಗೇಜ್ ಹೊತ್ತು ಬಂದೆ.

ಈ 'ನೀನು' ಹುಡುಗಿಯೋ, ಗೆಳೆಯನೋ? ಜಪಾನಿಯಲ್ಲಿ ಗೊತ್ತಾಗುವುದಿಲ್ಲ. ಕನ್ನಡದಲ್ಲೂ 'ನೀನು ಬಂದೆ' ಅಂದರೆ ಗೊತ್ತಾಗುವುದಿಲ್ಲ ನೋಡಿ, ಆದರೆ ಕಥೆ ಮಾಡಿ ಹೇಳಲು ಹೋದ ತಕ್ಷಣ ಬಂದಳು ಅಥವಾ ಬಂದ ಅಂತ ಒಂದು ಕಡೆ ವಾಲಲೇಬೇಕು. ಮೇಲೆ ಸೈಕಲ್ ಹಾಡಿನಲ್ಲಿ ನಾನು ಅವಳು ಅಂತ ಬರೆದದ್ದೂ ಹಾಗೇ, ಅಲ್ಲೂ ಇರುವುದು ಬರೀ ಕಿಮಿ. ಹಾಡುವವನು ತನ್ನನ್ನು 'ಬೊಕು' ಅಂದುಕೊಳ್ಳುತ್ತಾನೆ, ಅದು ಮೆತ್ತನೆಯ ಹುಡುಗರ 'ನಾನು'. ಗಡುಸಾದ 'ಒರೆ' ಅನ್ನೋ ಪದ ಬೇರೆ ಇದೆ. ಹೀಗೆ ಯಾರ ಹೆಸರೂ ಇಲ್ಲದ ಜಾಗದಲ್ಲಿ ನೀವು ನಿಮ್ಮವರನ್ನು ತಂದು ಕೂರಿಸುತ್ತೀರಿ.

ಇಬ್ಬರೂ ಹುಡುಕಲು ಬಂದಿರುವುದು ಬಾಲಚುಕ್ಕಿಯನ್ನು, ಅವರ ಭಾಷೆಯಲ್ಲಿ ಪೊರಕೆ ಚುಕ್ಕಿ. ಆ ಚುಕ್ಕಿಯ ಹೆಸರು 'ಇಮಾ', ಈಗ. ಕಾಣದ್ದನ್ನು ಕಾಣಬೇಕು ಅಂತ ದೂರದರ್ಶಕಕ್ಕೆ ಕಣ್ಣಿಟ್ಟವನಿಗೆ ಕಣ್ಣೆದುರು ಇದ್ದದ್ದೇ ತಪ್ಪಿಹೋಗುತ್ತದೆ. ರೇಡಿಯೋ ಹೇಳಿದ್ದು ಸುಳ್ಳಾಗಿ ಮಳೆ ಬರುತ್ತದೆ, ಪಕ್ಕದಲ್ಲಿ ನಡುಗುತ್ತಿದ್ದ ಕೈಯನ್ನು ಅವನು ಹಿಡಿಯುವುದಿಲ್ಲ. ವರ್ಷಗಳಾಗುತ್ತವೆ. ಎತ್ತರ ಬೆಳೆಯುತ್ತಾನೆ, ಹೇಳಬೇಕಾದದ್ದು ಜಾಸ್ತಿಯಾಗುತ್ತದೆ, ವಿಳಾಸವಿಲ್ಲದ ಕಾಗದಗಳು ರಾಶಿ ಬೀಳುತ್ತವೆ. ಕೊನೆಗೆ ಮತ್ತೆ ದೂರದರ್ಶಕ ಹೊತ್ತು ಅದೇ ಎರಡು ಗಂಟೆಗೆ, ಅದೇ ಗೇಟಿಗೆ ಓಡುತ್ತಾನೆ. ಎರಡು ನಿಮಿಷ ಬಿಟ್ಟು ನೀನು ಬಾರದಿದ್ದರೂ ಶುರು ಮಾಡೋಣ ಅನ್ನುತ್ತಾನೆ.

ಸಮಾಧಾನದ ಮಾತು ಇಲ್ಲವೇ ಇಲ್ಲ, ಗಮನಿಸಿ. ಆ ದಿನದ ನೋವು ಇನ್ನೂ ನೆನಪಿದೆ ಅಂತ ಮೊದಲು ಹಾಡಿದವನು, ಆಮೇಲೆ ಅದೇ ನೋವು ಇನ್ನೂ ನನಗೆ ಆಸರೆಯಾಗಿದೆ ಅನ್ನುತ್ತಾನೆ. ನೋವು ಅದೇ, ಅದು ಮಾಡುವ ಕೆಲಸ ಬದಲಾಗಿದೆ.

ಮುಂದಿನ ಸಲ ಕೇಳುವಾಗ ಒಂದು ಪ್ರಯೋಗ ಮಾಡಿ, ಭಾಷೆ ಬೇಕಿಲ್ಲ, ಕಿವಿ ಸಾಕು. ಪಲ್ಲವಿಯ ಕೊನೆಯ ಸಾಲು ಮೊದಲ ಸಲ 'ಫುತಾರಿ', ಇಬ್ಬರು, ಅಂತ ಬಂದು 'ಇತಾ' ಅಂತ ಮುಗಿಯುತ್ತದೆ: ಬೆನ್ನಟ್ಟುತ್ತಿದ್ದೆವು. ಮುಂದೆ ಅದೇ ಸಾಲಿನಲ್ಲಿ 'ಹಿತೋರಿ', ಒಬ್ಬನೇ, ಮತ್ತು 'ಇರು': ಬೆನ್ನಟ್ಟುತ್ತಿದ್ದೇನೆ. ಕಟ್ಟಕಡೆಗೆ ಮತ್ತೆ 'ಫುತಾರಿ' ಬರುತ್ತದೆ. ಪಕ್ಕದಲ್ಲಿ ಯಾರೂ ಬಂದಿಲ್ಲ. ಆದರೂ ಈ ಸಲ ಸಾಲು ಮುಗಿಯುವುದು 'ಇರು' ಅಂತಲೇ.